ಹೆದ್ದಾರಿ ಬಿಟ್ಟು ಅರ್ಧ ದಿನ: ಊರ್ಡಿಗೆರೆ ಸುತ್ತಿನ ಕ್ಷೇತ್ರಗಳ ನೀರು, ಅನ್ನ, ಕಾಡು

(ದತ್ತಿ ಉಪನ್ಯಾಸದ ಪೂರ್ಣಪಾಠ)



ಬೆಂಗಳೂರಿನಿಂದ ತುಮಕೂರಿಗೆ ಎಪ್ಪತ್ತು ಕಿಲೋಮೀಟರ್. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಒಂದು ಶಿರಾ, ಹಿರಿಯೂರು, ಚಿತ್ರದುರ್ಗ ದಾಟಿ ಹುಬ್ಬಳ್ಳಿ, ಪುಣೆ, ಮುಂಬಯಿಗೆ ಹೋದರೆ, ಇನ್ನೊಂದು ಗುಬ್ಬಿ, ತಿಪಟೂರು, ಅರಸೀಕೆರೆ ಹಿಡಿದು ಶಿವಮೊಗ್ಗದ ಕಡೆಗೆ ಹೊರಳುತ್ತದೆ. ನೆಲಮಂಗಲದಲ್ಲೇ ಎಡಕ್ಕೆ ತಿರುಗಿದವರು ಕುಣಿಗಲ್, ಎಡೆಯೂರಿನ ಮೇಲೆ ಹಾಸನ, ಮಂಗಳೂರು ಸೇರುತ್ತಾರೆ. ಈ ಮೂರು ದಾರಿಗಳ ಅಕ್ಕಪಕ್ಕದಲ್ಲಿರುವ ಕ್ಷೇತ್ರಗಳನ್ನು ಎಣಿಸಿದರೆ ಬೆರಳು ಸಾಲುವುದಿಲ್ಲ: ಶಿವಗಂಗೆ, ಸಿದ್ಧಗಂಗೆ, ದೇವರಾಯನದುರ್ಗ, ನಾಮದ ಚಿಲುಮೆ, ಗೊರವನಹಳ್ಳಿ, ಸಿದ್ಧರಬೆಟ್ಟ, ಕೈದಾಳ, ಗೂಳೂರು, ಗುಬ್ಬಿ, ಕಗ್ಗೆರೆ, ಎಡೆಯೂರು.

ಇವುಗಳಿಗೆ ಮನೆಯಿಂದಲೇ ಸಂಕಲ್ಪ ಮಾಡಿಕೊಂಡು ಹೊರಡುವವರು ಇದ್ದಾರೆ. ಅವರ ಜತೆಗೆ ಬೇರೆ ಕೆಲಸಕ್ಕೆ ಹೊರಟವರೂ ಧಾರಾಳವಾಗಿ ಬರುತ್ತಾರೆ. ದಾವಣಗೆರೆಯ ಮದುವೆ, ಶಿವಮೊಗ್ಗದ ಕಾಲೇಜು, ಹಾಸನದ ನೆಂಟರ ಮನೆ, ಧರ್ಮಸ್ಥಳದ ಹರಕೆ, ಹೀಗೆ ಗುರಿ ಇನ್ನೆಲ್ಲೋ ಇರುತ್ತದೆ. ನಡುವೆ ಯಾರೋ ಹಿರಿಯರು ಹಿಂದಿನ ಸೀಟಿನಿಂದ, ‘ಹತ್ತಿರಾನೇ ಅಲ್ವಾ, ಒಂದು ಕೈಮುಗಿದು ಹೋಗೋಣ’ ಎನ್ನುತ್ತಾರೆ. ಗಾಡಿ ತಿರುಗುತ್ತದೆ. ಈ ಉಪನ್ಯಾಸದ ವಿಷಯ ಆ ತಿರುವು. ದಬ್ಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಊರ್ಡಿಗೆರೆಯ ದಾರಿ ಹಿಡಿದರೆ ದೇವರಾಯನದುರ್ಗ ಸಿಗುತ್ತದೆ. ತುಮಕೂರು ತಾಲ್ಲೂಕಿನ ಆರು ಹೋಬಳಿಗಳಲ್ಲಿ ಒಂದಾದ ಊರ್ಡಿಗೆರೆಯನ್ನು ಕೇಂದ್ರವಾಗಿಟ್ಟುಕೊಂಡು ನೋಡಿದರೆ ಈ ‘ಹೋಗ್ತಾ ಹೋಗ್ತಾ’ ಯಾತ್ರೆಯ ಚರಿತ್ರೆಯೂ ಇಂದಿನ ತಾಪತ್ರಯವೂ ಚೆನ್ನಾಗಿ ಕಾಣುತ್ತವೆ.

ಇಂಥ ಯಾತ್ರೆಯನ್ನು ಅರೆಮನಸ್ಸಿನ ಭಕ್ತಿ ಎಂದು ಹಳಿಯುವುದು ಸುಲಭ. ಆದರೆ ಈ ಭಾಗದ ಕ್ಷೇತ್ರಗಳನ್ನು ಬೆಳೆಸಿದವರಲ್ಲಿ ದಾರಿಹೋಕರ ಪಾಲು ದೊಡ್ಡದು. ನೀರು, ಅನ್ನ, ನೆರಳು ಸಿಕ್ಕ ಕಡೆ ದಾರಿಹೋಕ ಕುಳಿತ, ಕುಳಿತಲ್ಲಿ ಕೈಮುಗಿದ. ದಾರಿಹೋಕ ನಿಲ್ಲುವುದು ಹೊಸದೇನಲ್ಲ. ಎಷ್ಟು ಹೊತ್ತು ನಿಲ್ಲುತ್ತಾನೆ, ಹೊರಡುವಾಗ ಏನು ಬಿಟ್ಟು ಹೋಗುತ್ತಾನೆ ಎಂಬುದು ಮಾತ್ರ ಬದಲಾಗಿದೆ.

ನೀರಿದ್ದಲ್ಲಿ ನಿಲುಗಡೆ

ತುಮಕೂರು ಜಿಲ್ಲೆ ಬಯಲುಸೀಮೆ. ಮಳೆ ಕೈಕೊಟ್ಟ ವರ್ಷ ಕೆರೆಗಳು ಬಿರಿಯುತ್ತವೆ. ಇಂಥ ನೆಲದಲ್ಲಿ ಬಂಡೆಯ ಸಂದಿಯಿಂದ ಬೇಸಿಗೆಯಲ್ಲೂ ನೀರು ಜಿನುಗಿದರೆ ಅದು ಜನರ ಕಣ್ಣಿಗೆ ಪವಾಡವಾಗಿಯೇ ಕಂಡೀತು. ಇಲ್ಲಿನ ಸ್ಥಳಪುರಾಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದೇ ಕಥೆ ಬೇರೆ ಬೇರೆ ಪಾತ್ರಧಾರಿಗಳಿಂದ ಮತ್ತೆ ಮತ್ತೆ ನಡೆದಂತಿದೆ.

ನಾಮದ ಚಿಲುಮೆಯಲ್ಲಿ ಆ ಪಾತ್ರ ಶ್ರೀರಾಮನದು. ವನವಾಸದ ಕಾಲದಲ್ಲಿ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಾಯಿತು. ಬಾಣ ಬಿಟ್ಟಾಗ ಬಂಡೆಯಿಂದ ಚಿಲುಮೆ ಉಕ್ಕಿತು ಎನ್ನುತ್ತಾರೆ. ಸಿದ್ಧಗಂಗೆಯಲ್ಲಿ ಆ ಪಾತ್ರ ಗೋಸಲ ಸಿದ್ಧೇಶ್ವರರದು. ಅವರು ನೂರೊಂದು ವಿರಕ್ತರೊಂದಿಗೆ ಗವಿಗಳಲ್ಲಿ ತಪಸ್ಸಿಗೆ ಕುಳಿತಿದ್ದಾಗ ರಾತ್ರಿ ಒಬ್ಬ ಶಿಷ್ಯ ಬಾಯಾರಿಕೆಯಿಂದ ಬಳಲಿದ. ಗುರುಗಳು ಬಂಡೆಯನ್ನು ತಟ್ಟಿದಾಗ ಗಂಗೆ ಹೊಮ್ಮಿದಳು ಎಂಬುದು ಮಠದ ನಂಬಿಕೆ. ಶಿವಗಂಗೆಯಲ್ಲಿ ಒಳಕಲ್ಲು ತೀರ್ಥವಿದೆ. ಬೆಟ್ಟದ ಮೇಲಿನ ಕಲ್ಲಿನ ಕುಳಿಗೆ ಕೈಹಾಕಿದವರ ಬೆರಳಿಗೆ ನೀರು ತಾಗಿದರೆ ಪುಣ್ಯವಂತರು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಕಣ್ಣು ಮುಚ್ಚಿದ್ದು ಶಿವಗಂಗೆಯಲ್ಲಿ ಎಂದು ಶಾಸನ ಹೇಳುತ್ತದೆ. ಅಂದರೆ ಒಂಬೈನೂರು ವರ್ಷಗಳ ಹಿಂದೆಯೇ ಈ ಬೆಟ್ಟದ ಹೆಸರು ದೂರದವರೆಗೆ ಹಬ್ಬಿತ್ತು.

ಪುರಾಣಕ್ಕಿಂತ ಭೂಗೋಳದ ಕಥೆ ಇನ್ನೂ ರೋಚಕ. ದೇವರಾಯನದುರ್ಗದ ಗುಡ್ಡಸಾಲು ಎರಡು ನದಿಗಳ ತವರು. ಒಂದು ಮಗ್ಗುಲಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆಯನ್ನು ಹಾದು ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇನ್ನೊಂದು ಮಗ್ಗುಲ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆ ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿ, ಮದ್ದೂರು ದಾಟಿ ಕಾವೇರಿಗೆ ಸೇರುತ್ತದೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆ ಹೀಗೆ ಎರಡು ಹೊಳೆಗಳಲ್ಲಿ ಹಂಚಿಹೋಗುತ್ತದೆ. ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಬಂದವರು ನೋಡಿ ಹೋಗುವ ತೀತಾ ಜಲಾಶಯದಲ್ಲಿ ನಿಂತಿರುವುದು ಜಯಮಂಗಲಿಯ ನೀರು. ಎಡೆಯೂರಿಗೆ ಬಂದವರು ನೋಡಿ ಹೋಗುವ ಮಾರ್ಕೋನಹಳ್ಳಿಯಲ್ಲಿರುವುದು ಶಿಂಷೆಯ ನೀರು. ಎರಡು ಕ್ಷೇತ್ರಗಳ ನಡುವೆ ಇಷ್ಟು ದೂರವಿದ್ದರೂ ಎರಡರ ನೀರಿನ ಮೂಲ ಊರ್ಡಿಗೆರೆ ಕಡೆಯ ಬೆಟ್ಟದಲ್ಲಿದೆ.

ದುರ್ಗ ಯಾರದು?

ದೇವರಾಯನದುರ್ಗದ ಇತಿಹಾಸವೂ ಹಾದುಹೋದವರು ಬರೆದ ಇತಿಹಾಸವೇ. ಸ್ಥಳೀಯ ಪಾಳೆಯಗಾರ ಜಡಕನ ಹೆಸರಿನಲ್ಲಿ ಇದು ಜಡಕನ ದುರ್ಗವಾಗಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು ವಶಪಡಿಸಿಕೊಂಡ ಮೇಲೆ ದೇವರಾಯನದುರ್ಗವಾಯಿತು. 1673ರಿಂದ 1704ರವರೆಗೆ ಆಳಿದ ಅವರಿಗೆ ಈ ಗುಡ್ಡ ಬೇಕಾದದ್ದು ಆಯಕಟ್ಟಿನ ಜಾಗವೆಂದು. ಬೆಟ್ಟದ ಬುಡದ ಭೋಗನರಸಿಂಹ ದೇವಾಲಯವನ್ನು ಅದಕ್ಕೂ ಮೊದಲೇ, 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಹೇಳುತ್ತಾರೆ. ತುದಿಯಲ್ಲಿ ಯೋಗನರಸಿಂಹ. ಬುಡದಲ್ಲಿ ಲಕ್ಷ್ಮೀಸಮೇತನಾಗಿ ಭೋಗ, ಮೆಟ್ಟಿಲು ಹತ್ತಿದ ಮೇಲೆ ಒಬ್ಬನೇ ಯೋಗ. ಆತುರದಲ್ಲಿರುವವರು ಭೋಗವನ್ನು ನೋಡಿ ಹಿಂದಿರುಗುತ್ತಾರೆ; ಯೋಗದವರೆಗೆ ಏರಬೇಕಾದರೆ ಸಮಯವೂ ಬೇಕು, ಮಂಡಿಯೂ ಗಟ್ಟಿಯಿರಬೇಕು.

ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗೆ ಸ್ವಲ್ಪ ಕಡಿಮೆ ಎತ್ತರದ ಈ ಬೆಟ್ಟ ಬ್ರಿಟಿಷರ ಕಾಲದಲ್ಲಿ ತುಮಕೂರಿನ ಅಧಿಕಾರಿಗಳಿಗೆ ಬೇಸಿಗೆಯ ತಂಪುದಾಣವಾಗಿತ್ತು. ಹೀಗೆ ಪಾಳೆಯಗಾರನಿಗೆ ಕೋಟೆ, ಅರಸನಿಗೆ ಗೆಲುವು, ದೊರೆಗೆ ತಂಗಾಳಿ, ಭಕ್ತನಿಗೆ ನರಸಿಂಹ. ಫಾಲ್ಗುಣದಲ್ಲಿ ನಡೆಯುವ ರಥೋತ್ಸವಕ್ಕೆ ಬರುವ ಸುತ್ತಲ ಹಳ್ಳಿಯವರಿಗೆ ಮಾತ್ರ ಬೆಟ್ಟ ಇವೆಲ್ಲವೂ ಆಗಿ, ಜತೆಗೆ ತಮ್ಮ ದನ ಮೇಯುವ ಕಾವಲೂ ಆಗಿತ್ತು.

ಒಲೆ ಆರದ ಜಾಗ

ನೀರಿನ ನಂತರ ದಾರಿಹೋಕನಿಗೆ ಬೇಕಾದದ್ದು ಅನ್ನ. ಹಳೆಯ ಮೈಸೂರಿನ ದಾರಿಗಳುದ್ದಕ್ಕೂ ಛತ್ರ, ಅರವಟ್ಟಿಗೆ, ಸಾಲುಮರಗಳ ಸರಪಳಿ ಇತ್ತು. ರಾಮನವಮಿಯ ಆಸುಪಾಸಿನಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುವ ಚಪ್ಪರಗಳಲ್ಲಿ ಆ ಸರಪಳಿಯ ಕೊನೆಯ ಕೊಂಡಿಗಳು ಇನ್ನೂ ಉಳಿದಿವೆ. ಆ ವ್ಯವಸ್ಥೆಯನ್ನು ದೊಡ್ಡ ಪ್ರಮಾಣದಲ್ಲಿ ಉಳಿಸಿ ಬೆಳೆಸಿದ ಜಾಗ ಸಿದ್ಧಗಂಗೆ. ಹೆದ್ದಾರಿಯ ಕ್ಯಾತ್ಸಂದ್ರದಿಂದ ಕೂಗಳತೆಯ ದೂರ.

ಮಠದ ಹಿಂದಿನ ಗುರುಗಳಾದ ಅಟವೀ ಶಿವಯೋಗಿಗಳು ಹೊತ್ತಿಸಿದ ಒಲೆ ಇಂದಿಗೂ ಆರಿಲ್ಲ ಎಂಬ ಮಾತು ಮಠದ ಭಕ್ತರ ಬಾಯಲ್ಲಿ ಕೇಳುತ್ತದೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿ, 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿದ ಶಿವಕುಮಾರ ಸ್ವಾಮೀಜಿ ಆ ಒಲೆಯ ಸುತ್ತ ಒಂದು ವಿದ್ಯಾರ್ಥಿ ನಗರವನ್ನೇ ಕಟ್ಟಿದರು. ಜಾತಿ, ಮತ ಕೇಳದೆ ಸಾವಿರಾರು ಮಕ್ಕಳಿಗೆ ಅಲ್ಲಿ ಊಟ, ವಸತಿ, ಓದು ಸಿಗುತ್ತದೆ. ದಾರಿಯಲ್ಲಿ ಹೋಗುವವರು ಊಟದ ಹೊತ್ತಿಗೆ ಬಂದರೆ ಅವರಿಗೂ ಪಂಕ್ತಿಯಲ್ಲಿ ಜಾಗವುಂಟು. 2019ರ ಜನವರಿ 21ರಂದು, ನೂರಹನ್ನೊಂದರ ವಯಸ್ಸಿನಲ್ಲಿ ಸ್ವಾಮೀಜಿ ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಸುದ್ದಿ ಹೊರಹಾಕಬಾರದೆಂಬುದು ಅವರ ಇಚ್ಛೆಯಾಗಿತ್ತು ಎಂದು ಪತ್ರಿಕೆಗಳು ವರದಿ ಮಾಡಿದ್ದವು. ದಾಸೋಹದ ಬಗ್ಗೆ ಎಷ್ಟು ಭಾಷಣ ಮಾಡಿದರೂ ಹೇಳಲಾಗದ್ದನ್ನು ಆ ಒಂದು ವರದಿ ಹೇಳಿತು.

ಶಿವರಾತ್ರಿಯ ಸಮಯದ ಸಿದ್ಧಗಂಗೆ ಜಾತ್ರೆಯಲ್ಲಿ ದೇವರ ರಥದಷ್ಟೇ ಮುಖ್ಯವಾದವು ದನಗಳ ಪರಿಷೆ ಮತ್ತು ಕೃಷಿ, ಕೈಗಾರಿಕಾ ವಸ್ತುಪ್ರದರ್ಶನ. ಎತ್ತು ಕೊಳ್ಳಲು ಬಂದವನು ಗದ್ದುಗೆಗೆ ಕೈಮುಗಿದು ಹೋಗುತ್ತಾನೆ, ಕೈಮುಗಿಯಲು ಬಂದವನು ಹೊಸ ತಳಿಯ ರಾಗಿ ನೋಡಿ ಹೋಗುತ್ತಾನೆ. ಯಾತ್ರೆಯನ್ನೂ ಲೋಕವ್ಯವಹಾರವನ್ನೂ ಬೇರೆ ಮಾಡಿ ನೋಡುವ ಅಭ್ಯಾಸ ಈ ಸೀಮೆಗೆ ಎಂದೂ ಇರಲಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಹೆಸರು ಬಂದದ್ದೂ ಹೀಗೆ ನಿಂತು ಹೊರಟವರ ಬಾಯಿಂದಲೇ. ಬೆಳಿಗ್ಗೆ ಬೆಂಗಳೂರು ಬಿಟ್ಟವರಿಗೆ ಹಸಿವಾಗುವ ಹೊತ್ತಿಗೆ ಸರಿಯಾಗಿ ಕ್ಯಾತ್ಸಂದ್ರ ಬರುತ್ತದೆ.

ದಾರಿ ತಂದದ್ದು, ದಾರಿ ಕೊಂಡೊಯ್ದದ್ದು

ಕ್ಷೇತ್ರದ ಹಣೆಬರಹ ದಾರಿಯೊಂದಿಗೆ ಬದಲಾಗುತ್ತದೆ. ದಬ್ಬಸ್‌ಪೇಟೆ ಎಂಬ ಪೇಟೆಗೆ ಹೆಸರು ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ ಚಿತ್ರದುರ್ಗ ವಿಭಾಗದ ಆಡಳಿತ ನೋಡಿಕೊಂಡು ತುಮಕೂರಿನಲ್ಲಿ ನೆಲೆಸಿದ್ದ ಡಾಬ್ಸ್ ಎಂಬ ಅಧಿಕಾರಿಯಿಂದ. ಇಂದು ಶಿವಗಂಗೆಗೆ ಎಡಕ್ಕೆ, ಊರ್ಡಿಗೆರೆಗೆ ಬಲಕ್ಕೆ ತಿರುಗುವವರೆಲ್ಲ ಆ ಹೆಸರನ್ನು ಹಾದೇ ಹೋಗಬೇಕು.

1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಅದೇ 1884ರಲ್ಲಿ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಹುಟ್ಟಿತು. ಎರಡೂ ಒಂದೇ ವರ್ಷ ನಡೆದದ್ದು ಕಾಕತಾಳೀಯವಿರಬಹುದು; ಆದರೆ ಪರದೆ, ಪೆಟ್ಟಿಗೆ, ಪರಿವಾರದೊಂದಿಗೆ ಊರೂರು ತಿರುಗುವ ಕಂಪನಿಗೆ ರೈಲು ಎಷ್ಟು ದೊಡ್ಡ ಅನುಕೂಲ ಎಂದು ವಿವರಿಸಬೇಕಿಲ್ಲ. ಗುಬ್ಬಿ ವೀರಣ್ಣನವರ ಕಾಲಕ್ಕೆ ಆ ಕಂಪನಿ ಕನ್ನಡ ನಾಡಿನ ಗಡಿಯಾಚೆಗೂ ಹೆಸರು ಮಾಡಿತು. ಜನ ದೇವರ ಬಳಿಗೆ ಬರುವುದು ವಾಡಿಕೆ. ಗುಬ್ಬಿಯ ಗೋಸಲ ಚನ್ನಬಸವೇಶ್ವರನ ಹೆಸರು ನಾಟಕದ ಕರಪತ್ರಗಳ ಮೇಲೇರಿ ತಾನೇ ಜನರ ಬಳಿಗೆ ಹೋಯಿತು. ಅದಕ್ಕೂ ಮುಂಚೆ, 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಗುಬ್ಬಿಯಲ್ಲಿ ತಂಗಿ ಬರೆದಿಟ್ಟದ್ದು ಅಲ್ಲಿನ ಸಂತೆ, ಅಡಿಕೆ ವ್ಯಾಪಾರದ ವಿವರಗಳನ್ನು. ದೂರದ ವರ್ತಕರು ಬಂದು ಸೇರುವ ಸಂತೆಯೂರು ಜಾತ್ರೆಯೂರೂ ಆಗಿತ್ತು.

ಕುಣಿಗಲ್ ತಾಲ್ಲೂಕಿನ ಎಡೆಯೂರಿನ ಕಥೆಯಲ್ಲಿ ದಾರಿಯ ಪಾತ್ರ ಇನ್ನೂ ಸ್ಪಷ್ಟ. ತೋಂಟದ ಸಿದ್ಧಲಿಂಗ ಯತಿಗಳು ಹರದನಹಳ್ಳಿಯ ಗೋಸಲ ಚನ್ನಬಸವೇಶ್ವರರ ಶಿಷ್ಯರು, 701 ವಚನಗಳ ಕರ್ತೃ, ಊರಿಂದೂರಿಗೆ ಸಂಚರಿಸಿದ ಜಂಗಮ. ನಾಗಿನಿ ನದಿಯ ದಡದ ಕಗ್ಗೆರೆಯ ತೋಟದಲ್ಲಿ ಅವರನ್ನು ಕಂಡ ನಂಬಿಯಣ್ಣನೆಂಬ ಭಕ್ತ ಮನೆಗೆ ಕರೆದ, ಆಮೇಲೆ ಮರೆತ. ಬರುವೆನೆಂದವನಿಗಾಗಿ ಅವರು ಹನ್ನೆರಡು ವರ್ಷ ಅಲ್ಲೇ ಕುಳಿತರು, ಮೇಲೆ ಹುತ್ತ ಬೆಳೆಯಿತು, ಹಸುವೊಂದು ಬಂದು ಹಾಲೆರೆಯಿತು ಎಂಬ ಕಥೆಯನ್ನು ಕುಣಿಗಲ್ ಸೀಮೆಯ ಮಕ್ಕಳೂ ಬಲ್ಲರು. ಅತಿಥಿಯನ್ನು ಕರೆದು ಮರೆಯುವುದು ಎಷ್ಟು ದೊಡ್ಡ ಪ್ರಮಾದ ಎಂದು ಹೇಳಲು ಇದಕ್ಕಿಂತ ಕಟುವಾದ ಕಥೆ ಬೇಕಿಲ್ಲ. ಯತಿಗಳ ಗದ್ದುಗೆ ಇರುವ ಎಡೆಯೂರು ಇಂದು ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲೇ ಇದೆ. ಧರ್ಮಸ್ಥಳ, ಕುಕ್ಕೆಗೆ ಹೋಗುವವರು ಇಲ್ಲಿ ಇಳಿಯುತ್ತಾರೆ. ಹೊಸ ಗಾಡಿ ಕೊಂಡವರು ಪೂಜೆ ಮಾಡಿಸುತ್ತಾರೆ. ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಹೆಸರು ಕೂಡ ಈ ದೇವರದೇ. 2017ರ ಮಾರ್ಚ್‌ನಲ್ಲಿ ಬೆಂಗಳೂರು–ಹಾಸನ ರೈಲುಮಾರ್ಗ ಪೂರ್ಣಗೊಂಡಾಗ ಕುಣಿಗಲ್ಲಿಗೂ ಎಡೆಯೂರಿಗೂ ನಿಲ್ದಾಣ ಸಿಕ್ಕಿತು.

ದಾರಿ ತಪ್ಪಿಸಿಕೊಂಡ ಊರುಗಳೂ ಇವೆ. ತುಮಕೂರು–ಕುಣಿಗಲ್ ರಸ್ತೆಯ ಪಕ್ಕದ ಕೈದಾಳದಲ್ಲಿ ಹೊಯ್ಸಳರ ಕಾಲದ, ಹನ್ನೆರಡನೇ ಶತಮಾನದ ಚನ್ನಕೇಶವನಿದ್ದಾನೆ. ಕೈ ಕಳೆದುಕೊಂಡ ಜಕಣಾಚಾರಿ ಈ ವಿಗ್ರಹ ಕೆತ್ತಿದ ಮೇಲೆ ಅವನ ಕೈ ಮರಳಿತು ಎಂಬ ಐತಿಹ್ಯವನ್ನು ಶಾಲೆಯ ಪಾಠದಲ್ಲಿ ಓದಿದವರು ಲೆಕ್ಕವಿಲ್ಲದಷ್ಟು. ಗುಡಿಯನ್ನು ಕಂಡವರು ಅಷ್ಟಿಲ್ಲ. ನೆರೆಯ ಗೂಳೂರಿನಲ್ಲಿ ಬಲಿಪಾಡ್ಯಮಿಯಿಂದ ತಿಂಗಳ ಕಾಲ ಕೂರುವ ಬೃಹತ್ ಮಣ್ಣಿನ ಗಣಪನಿಗೆ ಜನ ಮುಗಿಬೀಳುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಕೈದಾಳಕ್ಕೆ ಹೊರಳದೆ ಮರಳುತ್ತಾರೆ.

ಅರ್ಧ ಗಂಟೆಯ ದರ್ಶನ

ಇತ್ತೀಚಿನ ಎರಡು ಬದಲಾವಣೆಗಳು ಈ ಭಾಗದ ಯಾತ್ರೆಯ ಚಹರೆಯನ್ನೇ ತಿದ್ದಿವೆ. ಮೊದಲನೆಯದು ಸುವರ್ಣ ಚತುಷ್ಪಥದ ಭಾಗವಾಗಿ ಅಗಲಗೊಂಡ ಹೆದ್ದಾರಿ. ಕಾರುಳ್ಳವರಿಗೆ ದೇವರಾಯನದುರ್ಗ ಭಾನುವಾರ ಬೆಳಗಿನ ಸುತ್ತಾಟವಾಯಿತು. ಎರಡನೆಯದು 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತವಾದ ಮೇಲೆ, ಮನೆಯ ಗಂಡಸರ ಬಿಡುವಿಗೂ ಜೇಬಿಗೂ ಕಾಯದೆ, ಅಕ್ಕಪಕ್ಕದ ಮನೆಯ ಹೆಂಗಸರು ಗುಂಪು ಕಟ್ಟಿಕೊಂಡು ಗೊರವನಹಳ್ಳಿಗೆ ಹೊರಡುವಂತಾಯಿತು. ಆ ಗುಡಿಯ ಪೂಜೆ ನಿಂತು ಹೋಗಿದ್ದಾಗ ಅದನ್ನು ಮತ್ತೆ ಊರ್ಜಿತಗೊಳಿಸಿದವರು ಕಮಲಮ್ಮ ಎಂಬ ಹೆಣ್ಣುಮಗಳೇ. ಅವರು ಎಬ್ಬಿಸಿದ ಕ್ಷೇತ್ರಕ್ಕೆ ಹೆಣ್ಣುಮಕ್ಕಳು ಸ್ವಂತ ಬಲದಲ್ಲಿ ಬರುವಂತಾದದ್ದನ್ನು ಸಂತೋಷದಿಂದಲೇ ದಾಖಲಿಸಬೇಕು.

ಕಾರಿನವರು, ಬಸ್ಸಿನವರು ಇಬ್ಬರೂ ಬರಬೇಕಾದವರೇ. ಆದರೆ ಇಬ್ಬರ ಹೊರೆ ಬೆಟ್ಟದ ಮೇಲೆ ಒಂದೇ ಬಗೆಯಲ್ಲಿ ಬೀಳುವುದಿಲ್ಲ. ಬಸ್ಸಿನವರಿಗೆ ಮುಂದಿನ ಬಸ್ಸು ಬರುವವರೆಗೆ ಹೊತ್ತಿರುತ್ತದೆ. ಬುತ್ತಿ ಬಿಚ್ಚುತ್ತಾರೆ, ಹೂವು ಮಾರುವವಳ ಹತ್ತಿರ ಮಾತಾಡುತ್ತಾರೆ, ಊರಿನ ಅಂಗಡಿಯಲ್ಲಿ ಬಳೆ ಕೊಳ್ಳುತ್ತಾರೆ. ಕಾರಿನವರು ಅರ್ಧ ಗಂಟೆಯಲ್ಲಿ ದರ್ಶನ, ಫೋಟೋ, ಕೋತಿಗೆ ಬಿಸ್ಕತ್ತು ಮುಗಿಸಿ ಇಳಿಯುತ್ತಾರೆ. ಬಿಸ್ಕತ್ತಿನ ಕವರು ಬೆಟ್ಟದಲ್ಲಿ ಉಳಿಯುತ್ತದೆ. ದೇವರಾಯನದುರ್ಗದ ಕೋತಿಗಳು ಕೈಚೀಲ ಕಸಿಯುವುದನ್ನು ಕಲಿತದ್ದು ಕಾಡಿನಿಂದಲ್ಲ.

ಈ ಕಾಡು ಸಾಮಾನ್ಯದ್ದೂ ಅಲ್ಲ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯ ಕಾಲದಲ್ಲಿ ಪಕ್ಷಿತಜ್ಞ ಸಲೀಂ ಅಲಿ ಬಿಡಾರ ಹೂಡಿದ್ದ ಜಾಗಗಳಲ್ಲಿ ನಾಮದ ಚಿಲುಮೆಯೂ ಒಂದು. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ಬದುಕುವ ಹಳದಿ ಕೊರಳಿನ ಪಿಕಳಾರ ಇಲ್ಲಿ ಕಾಣಸಿಗುತ್ತದೆ. ಕುರುಚಲು, ಬಂಡೆ, ಹುಲ್ಲು ಇವು ಮಳೆಯ ನೀರನ್ನು ತಡೆದು ನಿಧಾನವಾಗಿ ಒಳಕ್ಕೆ ಬಿಟ್ಟರೆ ಮಾತ್ರ ಚಿಲುಮೆ ಬತ್ತದೆ ಉಳಿಯುತ್ತದೆ. ಗುಡ್ಡಕ್ಕೆ ಬಿದ್ದ ಒಂದು ಬೀಡಿ ಕಿಡಿ ಬೇಸಿಗೆಯಲ್ಲಿ ಎಕರೆಗಟ್ಟಲೆ ಹುಲ್ಲನ್ನು ಸುಟ್ಟರೆ, ಮೊದಲ ಮಳೆಗೆ ಬರಿ ಮಣ್ಣು ಕೊಚ್ಚಿ ಕೆಳಗಿನ ಕೆರೆಯಲ್ಲಿ ಹೂಳಾಗುತ್ತದೆ. ತೀರ್ಥವೆಂದು ತಲೆಗೆ ಚಿಮುಕಿಸಿಕೊಳ್ಳುವ ನೀರಿನ ಆಯುಷ್ಯ ಈ ಹುಲ್ಲಿನ ಮೇಲೆ ನಿಂತಿದೆ.

ಇನ್ನು ದಾರಿಯ ಊರುಗಳ ಮಾತು. ಸ್ಪೇನ್ ದೇಶದ ಸಾಂತಿಯಾಗೋ ಯಾತ್ರೆಯಲ್ಲಿ ಪ್ರಮಾಣಪತ್ರ ಬೇಕಾದವರು ಕನಿಷ್ಠ ನೂರು ಕಿಲೋಮೀಟರ್ ನಡೆದಿರಬೇಕು. ದಾರಿಯ ಊರುಗಳಲ್ಲಿ ಪಾಸ್‌ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳುತ್ತ ಹೋಗಬೇಕು. ಅಲ್ಲಿ ರಾತ್ರಿ ತಂಗುವ ಯಾತ್ರಿಕರಿಂದ ನಡುವಿನ ಸಣ್ಣ ಹಳ್ಳಿಗಳೂ ಬದುಕುತ್ತವೆ. ಪಂಢರಪುರಕ್ಕೆ ನಡೆದು ಹೋಗುವ ಯಾತ್ರೆಯಾದ ವಾರಿಯೂ ಅಷ್ಟೇ. ದಿಂಡಿಗಳು, ಅಂದರೆ ಯಾತ್ರಿಕರ ತಂಡಗಳು, ತಂಗುವ ಊರುಗಳಿಗೆಲ್ಲ ಯಾತ್ರೆಯಲ್ಲಿ ಪಾಲಿದೆ. ಊರ್ಡಿಗೆರೆಗೆ ಸದ್ಯಕ್ಕೆ ಸಿಗುವುದು ಹಾದುಹೋಗುವ ಗಾಡಿಗಳ ಧೂಳು. ಬೆಟ್ಟದ ಹೆಸರು ಎಲ್ಲರಿಗೂ ಗೊತ್ತು, ಬೆಟ್ಟಕ್ಕೆ ದಾರಿಯಾದ ಹೋಬಳಿಯ ಹೆಸರು ಫಲಕದ ಮೇಲೆ ಓದಿ ಮರೆಯುವುದು. ಇಲ್ಲಿ ರಾಗಿ, ಹುಣಸೆ, ಹಲಸು, ತೆಂಗು ಬೆಳೆಯುವ ರೈತರಿದ್ದಾರೆ. ಅವರ ಹಲಸಿನ ತೊಳೆಯನ್ನು ಕೊಳ್ಳಲು ಗಾಡಿ ನಿಲ್ಲದಿದ್ದರೆ ಯಾತ್ರೆಯಿಂದ ಊರಿಗೆ ಬರುವ ಲಾಭ ಏನೂ ಇಲ್ಲ.

ಆಗಬೇಕಾದ್ದು

ಸರ್ಕಾರ ಮಾಡಬಹುದಾದ ಕೆಲಸಗಳು ದೊಡ್ಡವಲ್ಲ. ಬೆಟ್ಟದ ಬುಡದಲ್ಲೇ ವಾಹನ ನಿಲುಗಡೆ ಮಾಡಿ ಮೇಲಕ್ಕೆ ಸಣ್ಣ ಬಸ್ಸು ಬಿಡಬಹುದು. ಬಾಟಲಿ ತುಂಬಿಸಿಕೊಳ್ಳಲು ಕುಡಿಯುವ ನೀರಿನ ನಲ್ಲಿ, ಹಿಂದಿರುಗುವಾಗ ಕಸ ಒಪ್ಪಿಸಲು ಒಂದು ಕಟ್ಟೆ, ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ, ಇಷ್ಟಾದರೆ ಅರ್ಧ ಸಮಸ್ಯೆ ಮುಗಿಯಿತು. ಮುಜರಾಯಿ, ಅರಣ್ಯ, ಪ್ರವಾಸೋದ್ಯಮ ಇಲಾಖೆಗಳು ಮತ್ತು ಸ್ಥಳೀಯ ಪಂಚಾಯಿತಿಗಳು ಒಂದೇ ಮೇಜಿನ ಸುತ್ತ ಕೂರಬೇಕು; ಒಂದೇ ಬೆಟ್ಟವನ್ನು ನಾಲ್ಕು ಕಡತಗಳಲ್ಲಿ ನೋಡುವ ಪದ್ಧತಿ ಬಿಡಬೇಕು. ಸಂತೆಯ ದಿನಗಳಿಗೆ ಹೊಂದಿಕೆಯಾಗುವಂತೆ ಊರ್ಡಿಗೆರೆ, ದೇವರಾಯನದುರ್ಗ, ನಾಮದ ಚಿಲುಮೆ, ಸಿದ್ಧಗಂಗೆಗಳನ್ನು ಸುತ್ತಿ ಬರುವ ಬಸ್ಸೊಂದನ್ನು ತುಮಕೂರಿನಿಂದ ಬಿಟ್ಟರೆ ಕಾರಿಲ್ಲದವರಿಗೂ ಅರ್ಧ ದಿನದ ಯಾತ್ರೆ ಕೈಗೆಟುಕುತ್ತದೆ.

ಉಳಿದದ್ದು ಸಭಿಕರ ಕೈಯಲ್ಲಿದೆ. ಇನ್ನೊಮ್ಮೆ ಬೆಂಗಳೂರಿನಿಂದ ಈ ಕಡೆ ಹೊರಟಾಗ ಅರ್ಧ ಗಂಟೆಯ ಬದಲು ಅರ್ಧ ದಿನ ಎತ್ತಿಡಿ. ಕುಡಿಯುವ ನೀರನ್ನು ಮನೆಯಿಂದ ಸ್ಟೀಲಿನ ಬಾಟಲಿಯಲ್ಲಿ ತನ್ನಿ. ದಬ್ಬಸ್‌ಪೇಟೆಯಲ್ಲಿ ಬಲಕ್ಕೆ ತಿರುಗಿ, ಊರ್ಡಿಗೆರೆಯಲ್ಲಿ ಇಳಿದು ಅಲ್ಲಿನ ಹೋಟೆಲಿನಲ್ಲೇ ತಿಂಡಿ ತಿನ್ನಿ, ಕಾಯಿ, ಹಣ್ಣು ಅಲ್ಲೇ ಕೊಳ್ಳಿ. ಬೆಟ್ಟವನ್ನು ಮೆಟ್ಟಿಲು ಹತ್ತಿ ನೋಡಿ. ಕೋತಿಗೆ ಏನನ್ನೂ ಕೊಡಬೇಡಿ, ಬೆಂಕಿಕಡ್ಡಿ ಗೀರಬೇಡಿ, ತಂದ ಪ್ಲಾಸ್ಟಿಕ್ಕನ್ನು ಪೂರ್ತಿ ವಾಪಸು ಒಯ್ಯಿರಿ.